ಮಗ್ಗದ ಮೇಲಿನ ಮಂಗಳಗ್ರಹ

ಸಾವಿರ ವರ್ಷದ ಮೇಲೆ ಏನಾಗುತ್ತದೆ ಎಂದು ಬರೆಯುವವರ ಜೊತೆ ಕೂತರೆ, ಇನ್ನು ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಐದಾರು ವರ್ಷ ಹಾಗೆ ಕೂತವನ ಅನುಭವ ಇದು.

ದೊಡ್ಡಬಳ್ಳಾಪುರದಲ್ಲಿ ನಮ್ಮದೊಂದು ಗುಂಪಿದೆ. ವಿಜ್ಞಾನ ಕಥೆ, ಅದ್ಭುತ ಕಥೆ ಬರೆಯುವವರ ಗುಂಪು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಸೇರಿ, ಬರೆದದ್ದನ್ನು ಓದಿ, ಬೈಸಿಕೊಂಡು, ಬೋಂಡ ತಿಂದು ಹೋಗುತ್ತೇವೆ. ಶುರುವಿನಲ್ಲಿ ಹನ್ನೊಂದು ಜನ ಇದ್ದೆವು. ಏಳು ಜನ ತಮ್ಮ ಕಥೆ ಓದಿ ಮುಗಿಸಿದ ಮೇಲೆ ಬೇರೆಯವರದನ್ನು ಕೇಳಬೇಕಾಗುತ್ತದೆ ಎಂದು ತಿಳಿದು ಬಿಟ್ಟುಹೋದರು. ಉಳಿದವರು ಜಮೀನು ಅಳೆಯುವ ಕೆಲಸದಿಂದ ನಿವೃತ್ತರಾದ ಸರ್ವೆಯರು, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಮೇಡಂ, ರಾಜಘಟ್ಟದ ಕಡೆ ದ್ರಾಕ್ಷಿ ತೋಟ ಇಟ್ಟುಕೊಂಡವರೊಬ್ಬರು ಮತ್ತು ನಾನು. ನಾನು ಇವತ್ತಿನವರೆಗೆ ಒಂದು ಕಥೆಯನ್ನೂ ಬರೆದಿಲ್ಲ. ಹಾಲಿನ ಸಂಘವೊಂದರಲ್ಲಿ ಗುಮಾಸ್ತನಾದ್ದರಿಂದ ಅಕ್ಷರ ಓದುವ ಹಾಗಿದೆ ಎಂದು ಕಾರ್ಯದರ್ಶಿ ಮಾಡಿದರು. ಸಭೆಯಲ್ಲಿ ಏನು ನಡೆಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ.

ರಾಜಕುಮಾರನ ಪಿಸುಮಾತು

ಮೊದಲು ನಮಗೆ ಜಾಗವೇ ಇರಲಿಲ್ಲ. ಪಾರ್ಕಿನಲ್ಲಿ ಕೂತೆವು, ವಾಕಿಂಗ್ ಬಂದ ಹಿರಿಯರು ಸೇರಿಕೊಂಡು ಗ್ರಹಾಂತರ ಪ್ರಯಾಣದ ಚರ್ಚೆಯನ್ನು ಮಂಡಿನೋವಿಗೆ ತಂದು ನಿಲ್ಲಿಸಿದರು. ಹೋಟೆಲಿನ ಮಹಡಿಯಲ್ಲಿ ಕೂತೆವು. ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಬೇಕಿತ್ತು. ದೇವಸ್ಥಾನದ ಮಂಟಪದಲ್ಲಿ ಕೂತೆವು. ಕೊನೆಗೊಂದು ಭಜನೆ ಹೇಳಬೇಕು ಎಂದರು. ಹೇಳಿದೆವು. ಇನ್ನು ಬರಬೇಡಿ ಎಂದರು.

ಆಗ ದ್ರಾಕ್ಷಿ ತೋಟದವರಿಗೆ ಪರಿಚಯವಿದ್ದ ಮಗ್ಗದ ಯಜಮಾನರೊಬ್ಬರು ತಮ್ಮ ಶೆಡ್ಡಿನ ಮೇಲಿನ ರೂಮು ಕೊಟ್ಟರು. ಬಾಡಿಗೆ ಬೇಡ ಎಂದರು. ಯಾಕೆ ಬೇಡ ಎಂಬುದು ಮೊದಲ ಸಭೆಯಲ್ಲೇ ತಿಳಿಯಿತು. ಕೆಳಗೆ ಹನ್ನೆರಡು ವಿದ್ಯುತ್ ಮಗ್ಗ. ಅವಕ್ಕೆ ಭಾನುವಾರ ಗೊತ್ತಿಲ್ಲ. ಅವು ಓಡುವಾಗ ನೆಲ ನಡುಗುತ್ತದೆ, ಟೀ ಲೋಟ ತಾನಾಗಿಯೇ ಮೇಜಿನ ಅಂಚಿಗೆ ನಡೆದುಕೊಂಡು ಹೋಗುತ್ತದೆ. ಕಥೆ ಓದಬೇಕಾದರೆ ಹೊಲದ ಆಚೆ ಬದುವಿನಲ್ಲಿರುವವರನ್ನು ಕರೆಯುವಂಥ ಗಂಟಲು ಬೇಕು. ನಮ್ಮ ಬರವಣಿಗೆಯೂ ಅದಕ್ಕೆ ಹೊಂದಿಕೊಂಡಿತು. ವಾಕ್ಯಗಳು ಚಿಕ್ಕವಾದವು. ಪ್ರಕೃತಿ ವರ್ಣನೆ ನಿಂತಿತು. ವಿಮರ್ಶೆಯೂ ಕಡಿಮೆಯಾಯಿತು, ಕೂಗಿಕೊಂಡು ಬೈಯಲು ಎಲ್ಲರಿಗೂ ಸಂಕೋಚ.

ಸರ್ವೆಯರು ಒಂದು ಕಾಲ್ಪನಿಕ ರಾಜ್ಯದ ಬಗ್ಗೆ ದೊಡ್ಡ ಕಾದಂಬರಿ ಬರೆಯುತ್ತಿದ್ದಾರೆ. ತಿಂಗಳಿಗೊಂದು ಅಧ್ಯಾಯ ಓದುತ್ತಾರೆ. ಒಂದು ಭಾನುವಾರ ರಾಜಕುಮಾರ ಕೋಟೆಯ ಹಿಂದೆ ರಾಜಕುಮಾರಿಯನ್ನು ಭೇಟಿಯಾಗುವ ಸನ್ನಿವೇಶ ಬಂತು.

"ರಾಜಕುಮಾರ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ," ಎಂದು ಸರ್ವೆಯರು ಕೂಗಿದರು.

ಎದುರಿಗೆ ಮೇಡಂ ಕಿವಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದರು. ಸರ್ವೆಯರು ಉಸಿರು ಎಳೆದುಕೊಂಡು ಪಿಸುಮಾತು ಶುರು ಮಾಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಹನ್ನೆರಡು ಮಗ್ಗವೂ ಒಟ್ಟಿಗೆ ನಿಂತವು. "ನೀನಿಲ್ಲದೆ ನಾನು ಬದುಕಲಾರೆ, ನಡೆ, ಇಬ್ಬರೂ ಓಡಿಹೋಗೋಣ" ಎಂಬ ಅರವತ್ತಮೂರು ವರ್ಷದ ದನಿ ಬೀದಿ ಕೊನೆಯ ಹಿಟ್ಟಿನ ಗಿರಣಿಯವರೆಗೂ ಹೋಯಿತು.

ಆಮೇಲೆ ಕೆಳಗಿನಿಂದ ಮಗ್ಗದವರೊಬ್ಬರು ಕೇಳಿದರು. "ಈಗ್ಲೇನಾ ಸಾರ್, ಕರೆಂಟ್ ಬಂದ್ಮೇಲಾ?"

ಹಿಟ್ಟಿನ ಗಿರಣಿಯಲ್ಲಿ ಆ ಹೊತ್ತಿಗೆ ಸರ್ವೆಯರ ಹೆಂಡತಿ ರಾಗಿ ಬೀಸಿಸುತ್ತಿದ್ದರು. ಮುಂದಿನ ತಿಂಗಳಿಂದ ಅವರೂ ಸಭೆಗೆ ಬಂದು, ಬಾಗಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಾರೆ. ರಾಜಕುಮಾರಿ ಅದರ ಮುಂದಿನ ಅಧ್ಯಾಯದಲ್ಲಿ ತವರಿಗೆ ಹೋದವಳು ಇನ್ನೂ ಬಂದಿಲ್ಲ.

ಮುನ್ನೂರು ವರ್ಷದ ಬಾಡಿಗೆದಾರರು

ಹೋದ ಸಂಕ್ರಾಂತಿಯ ಹಿಂದಿನ ಭಾನುವಾರ ಯಜಮಾನರು ಮೇಲೆ ಬಂದರು. ಬಂದವರು ಕೂರಲಿಲ್ಲ. ಕೂರದಿದ್ದರೆ ಏನೋ ಇದೆ ಎಂದು ಅರ್ಥ.

"ಬೇಜಾರ್ ಮಾಡ್ಕೋಬೇಡಿ. ಈ ರೂಮ್‌ನ ಒಬ್ರು ಕೇಳ್ತಾವ್ರೆ. ಸೈಟ್ ವ್ಯವಹಾರದವ್ರು. ಯುಗಾದಿ ಆದ್ಮೇಲೆ ಆಫೀಸ್ ಮಾಡ್ತಾರಂತೆ."

"ಇಷ್ಟು ಸದ್ದಲ್ಲಿ ಆಫೀಸಾ?" ಎಂದರು ಮೇಡಂ.

"ಅವ್ರಿಗೆ ಸದ್ದಿದ್ರೇ ಒಳ್ಳೇದಂತೆ. ಗಿರಾಕಿಗಳು ಜಾಸ್ತಿ ಪ್ರಶ್ನೆ ಕೇಳಲ್ಲ ಅಂತ." ಯಜಮಾನರು ನೆಲ ನೋಡಿಕೊಂಡು ಹೇಳಿದರು. "ಕಟ್ಟಡ ಇರೋದು ನಮ್ಮವ್ವನ ಹೆಸ್ರಲ್ಲಿ. ಅವ್ವ ಒಪ್ಪಿದ್ರೆ ನೀವೇ ಇರ್ಬೋದು. ಒಂದ್ಸಲ ಕೇಳಿ ನೋಡಿ."

ಅವರು ಹೋದ ಮೇಲೆ ಸರ್ವೆಯರು ತಮ್ಮ ಹಸ್ತಪ್ರತಿಯನ್ನು ಚೀಲಕ್ಕೆ ಹಾಕುತ್ತಾ, "ಇನ್ನೂ ಹನ್ನೆರಡು ಅಧ್ಯಾಯ ಇದೆ. ಕೇಳೋರೇ ಇಲ್ಲ ಅಂದ್ಮೇಲೆ ನಾನು ಯಾಕೆ ಬರೀಲಿ" ಎಂದರು. ಕೂಗದೆ ಹೇಳಿದ್ದರಿಂದ ಪೂರ್ತಿ ಕೇಳಿಸಲಿಲ್ಲ. ಆದರೆ ಉಳಿದ ಮೂವರಿಗೂ ಅರ್ಥವಾಯಿತು. ಇನ್ನೊಂದು ಜಾಗ ಹುಡುಕುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ, ಇನ್ನೊಂದು ಭಜನೆ ಯಾರಿಗೂ ಬರುತ್ತಿರಲಿಲ್ಲ.

ಯಜಮಾನರ ತಾಯಿಗೆ ಎಂಬತ್ತು ದಾಟಿದೆ. ಎಲ್ಲರೂ ಅವ್ವ ಎನ್ನುತ್ತಾರೆ. ಶೆಡ್ಡಿನ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನು ಹೋದವರನ್ನು ನೋಡುತ್ತಾ ಕೂರುತ್ತಾರೆ. ನಾವು ನಾಲ್ವರೂ ಹೋಗಿ ಮುಂದೆ ನಿಂತೆವು. ಅವರು ಕೈ ಎತ್ತಿದರು, ಮಗ್ಗಗಳು ನಿಂತವು. ಐದು ವರ್ಷದಲ್ಲಿ ಸಾಹಿತ್ಯಕ್ಕೆ ಸಿಗದ ಮರ್ಯಾದೆ.

"ಮೇಲೆ ಕೂತ್ಕೊಂಡು ಏನ್ ಮಾಡ್ತೀರಿ ನೀವು?"

"ಕಥೆ ಬರೀತೀವಿ ಅವ್ವ," ಎಂದರು ದ್ರಾಕ್ಷಿ ತೋಟದವರು.

"ಅದಕ್ಯಾಕೆ ಅಷ್ಟು ಕಿರುಚಾಟ? ಆಗ್ಲಿ. ಯುಗಾದಿ ಒಳಗೆ ನಂಗೊಂದು ಕತೆ ಓದಿ. ಸುಳ್ಳು ಅನ್ನಿಸ್ಬಾರ್ದು. ಅನ್ನಿಸ್ಲಿಲ್ಲ ಅಂದ್ರೆ ರೂಮು ನಿಮ್ದೇ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಂಥವರಿಗೆ ಹಾಕಬಾರದ ಷರತ್ತು ಎಂದರೆ ಅದೊಂದೇ. ಮೇಡಂ ಪಾಠ ಹೇಳುವ ತಾಳ್ಮೆಯಲ್ಲಿ ವಿವರಿಸಿದರು.

"ಅವ್ವ, ನಾವು ಬರೆಯೋದು ನಡೆದದ್ದಲ್ಲ. ಮುಂದೆ ನಡೀಬಹುದಾದ್ದು."

"ಮುಂದೆ ಅಂದ್ರೆ ಯಾವಾಗ?"

"ಒಂದು ಮುನ್ನೂರು ವರ್ಷ ಆಗ್ಬಹುದು."

ಅವ್ವ ನಮ್ಮ ನಾಲ್ವರನ್ನೂ ಮೇಲಿಂದ ಕೆಳಗೆ ನೋಡಿದರು. "ಅಲ್ಲೀಗಂಟ ರೂಮು ಬೇಕಾ ನಿಮ್ಗೆ?"

ಒಂದೇ ಡಬ್ಬದಲ್ಲಿ ಏಳು ತಿಂಗಳು

ಯುಗಾದಿ ಆ ಸಲ ಏಪ್ರಿಲ್ ನಡುವೆ ಬಂದದ್ದರಿಂದ, ಅದರೊಳಗೆ ನಮಗೆ ಸಿಗುವುದು ಸಭೆಯ ಮೂರು ಭಾನುವಾರ. ಕಥೆ ಬರೆಯುವವರೂ ಮೂರು ಜನ. ಮೊದಲು ಮೇಡಂ ಓದುವುದೆಂದು ತೀರ್ಮಾನವಾಯಿತು. ಅವರ ಕಥೆಯಲ್ಲಿ ಒಂದು ತಪ್ಪು ಹುಡುಕುವುದು ಕಷ್ಟ. ಇಂಧನ ಎಷ್ಟು, ಉಸಿರಾಡುವ ಗಾಳಿ ಎಷ್ಟು, ಯಾವ ತಿಂಗಳಲ್ಲಿ ಹೊರಟರೆ ಮಂಗಳಗ್ರಹ ಹತ್ತಿರ, ಎಲ್ಲವನ್ನೂ ಲೆಕ್ಕ ಮಾಡಿಯೇ ಬರೆಯುತ್ತಾರೆ. ಈ ಕಥೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಮತ್ತು ಗಂಡನ ತಾಯಿ ಮಂಗಳಗ್ರಹಕ್ಕೆ ಸಂಸಾರ ಸಮೇತ ಹೋಗುತ್ತಾರೆ.

ಅವ್ವನನ್ನು ಮೇಲೆ ಕರೆತಂದು ಕೂರಿಸಿದೆವು. ಮಗ್ಗ ನಿಂತಿತ್ತು. ಮೇಡಂ ಅಭ್ಯಾಸಬಲದಿಂದ ಕೂಗಿಕೊಂಡೇ ಶುರು ಮಾಡಿದರು.

"ಯಾಕಮ್ಮ ಬೈತೀಯ?" ಎಂದರು ಅವ್ವ.

ಮೇಡಂ ದನಿ ಇಳಿಸಿ ಓದಿದರು. ರಾಕೆಟ್ ಹಾರಿತು. ಅವ್ವ ತಲೆಯಾಡಿಸಿದರು. ಭೂಮಿ ಚಿಕ್ಕದಾಗುತ್ತಾ ಹೋಗಿ ಗೋಲಿಯಷ್ಟಾಯಿತು. ಅದಕ್ಕೂ ತಲೆಯಾಡಿಸಿದರು. ನಮಗೆ ಧೈರ್ಯ ಬಂತು.

"ಈ ರಾಕೆಟ್ಟು ಎಷ್ಟಗಲ ಐತೆ?"

"ಈ ರೂಮಿನಷ್ಟು, ಅವ್ವ."

"ಎಷ್ಟು ದಿನದ ದಾರಿ?"

"ಏಳು ತಿಂಗಳು."

"ಅಡಿಗೆ?"

"ಅಡಿಗೆ ಇಲ್ಲ. ಎಲ್ಲಾ ಪೊಟ್ಟಣದ ಊಟ. ಸೊಸೆ ಕತ್ತರಿಸಿ ಕೊಡ್ತಾಳೆ."

"ಅತ್ತೆ ಏನೂ ಅನ್ಲಿಲ್ವಾ?"

ಮೇಡಂ ಹಾಳೆ ತಿರುಗಿಸಿ ನೋಡಿದರು. "ಇಲ್ಲ."

"ಏಳು ತಿಂಗ್ಳು ಅತ್ತೆ ಸೊಸೆ ಇಷ್ಟಗಲ ಡಬ್ಬದಾಗೆ ಕೂತವ್ರೆ, ಪೊಟ್ಟಣ ತಿಂದವ್ರೆ, ಒಂದು ಮಾತು ಬಂದಿಲ್ಲ." ಅವ್ವ ಎದ್ದರು. "ಸುಳ್ಳು. ರಾಕೆಟ್ಟು ಹೋಗುತ್ತೆ ಬಿಡಮ್ಮ, ಅದಕ್ಕೇನು."

ಮೇಡಂ ತಮ್ಮ ಲೆಕ್ಕದ ಮೇಲೆ ಯಾರು ಬೆರಳಿಟ್ಟರೂ ಗಂಟೆಗಟ್ಟಲೆ ವಾದಿಸುವವರು. ಅವತ್ತು ವಾದಿಸಲಿಲ್ಲ. ಅವರ ಅತ್ತೆ ಅವರ ಜೊತೆಯಲ್ಲೇ ಇದ್ದಾರೆ.

ಉತ್ತರದ ಕಡೆಯ ಜಮೀನು

ಆ ನಡುವೆ ಒಂದು ದಿನ ಸೈಟ್ ವ್ಯವಹಾರದವರು ರೂಮು ನೋಡಲು ಬಂದರು. ದೇವನಹಳ್ಳಿ ಕಡೆಯವರು. ಬಿಳಿ ಅಂಗಿ, ಎರಡು ಫೋನು, ಕೈಯಲ್ಲಿ ಅಳತೆ ಟೇಪು. ಬೀಗದ ಕೈ ನನ್ನ ಹತ್ತಿರ ಇದ್ದದ್ದರಿಂದ ನಾನು ಹೋಗಿದ್ದೆ. ಬೇಡವೆಂದರೂ ಸರ್ವೆಯರು ಜೊತೆಗೆ ಬಂದಿದ್ದರು. ಗೋಡೆ ಅಳೆಯಲು ಹೋದ ಆ ಮನುಷ್ಯ ಗೋಡೆಯ ಮೇಲಿದ್ದ ನಕ್ಷೆಯ ಮುಂದೆ ನಿಂತುಬಿಟ್ಟರು.

ಅದು ಸರ್ವೆಯರ ಕಾದಂಬರಿಯ ರಾಜ್ಯದ ನಕ್ಷೆ. ಮೂವತ್ತೈದು ವರ್ಷ ಸರಪಳಿ ಹಿಡಿದು ಜಮೀನು ಅಳೆದವರು. ಕಲ್ಪನೆಯಲ್ಲೂ ಕೈ ಹಾಗೇ ಓಡಿದೆ. ಪ್ರತಿ ಕಾಡಿಗೂ ಸರ್ವೆ ನಂಬರು. ಮಾಯಾಸರೋವರಕ್ಕೆ ಎಕರೆ, ಗುಂಟೆ. ಮೂಲೆಮೂಲೆಗೂ ಗಡಿಕಲ್ಲು. ಬಂಡಿದಾರಿ ಚುಕ್ಕಿಗೆರೆಯಲ್ಲಿ, ರಾಕ್ಷಸರ ಗುಹೆ ಕೆಂಪು ಗೆರೆಯಲ್ಲಿ.

"ಯಾವ ಕಡೆ ಬರುತ್ತೆ ಸಾರ್ ಇದು?"

"ಉತ್ತರಕ್ಕೆ," ಎಂದರು ಸರ್ವೆಯರು.

"ಏರ್‌ಪೋರ್ಟ್‌ಗೆ ಎಷ್ಟು ದೂರ?"

ಸರ್ವೆಯರು ಜಮೀನಿನ ವಿಷಯದಲ್ಲಿ ಯಾವತ್ತೂ ತಪ್ಪು ಮಾಹಿತಿ ಕೊಟ್ಟವರಲ್ಲ. "ಏರ್‌ಪೋರ್ಟ್ ಇಲ್ಲ. ರೆಕ್ಕೆ ಕುದುರೆಗಳ ಲಾಯ ಇದೆ. ಅಲ್ಲಿಗೆ ಅರ್ಧ ದಿನದ ದಾರಿ."

"ಅರ್ಧ ದಿನ ಪರವಾಗಿಲ್ಲ ಬಿಡಿ, ಸಾಯಂಕಾಲದ ಟ್ರಾಫಿಕ್‌ನಲ್ಲಿ ಹೆಬ್ಬಾಳಕ್ಕೇ ಅಷ್ಟಾಗುತ್ತೆ. ಇದೇನು ಪೂರ್ವಕ್ಕೆ ಕೆಂಪು ಗೆರೆ, ತಕರಾರಾ?"

"ರಾಕ್ಷಸರಿದ್ದಾರೆ. ಮೂರು ತಲೆಮಾರಿಂದ."

"ಓ, ಸ್ವಾಧೀನ ಅವರ್ದು ಅನ್ನಿ. ಕೂತು ಮಾತಾಡಿದ್ರೆ ಎದ್ದೋಗ್ತಾರಾ?"

"ಇಲ್ಲ. ಮಾತಾಡೋಕೆ ಹೋದವರನ್ನ ತಿಂದ್ಬಿಡ್ತಾರೆ."

"ಎಲ್ಲಾ ಊರಲ್ಲೂ ಅಂಥೋರು ಒಂದಿಬ್ರು ಇರ್ತಾರೆ ಸಾರ್."

ನನಗೆ ಸುಮ್ಮನಿರಲು ಆಗಲಿಲ್ಲ. ಇದು ಕಾದಂಬರಿಗೆ ಬರೆದ ನಕ್ಷೆ, ಇಂಥ ಜಾಗ ಭೂಮಿಯ ಮೇಲೇ ಇಲ್ಲ ಎಂದೆ.

ಅವರು ಟೇಪು ಸುತ್ತಿಕೊಳ್ಳುತ್ತಾ ನನ್ನನ್ನು ಕನಿಕರದಿಂದ ನೋಡಿದರು. "ಗುರು, ಜಾಗ ಇಲ್ದಿದ್ರೆ ಆಮೇಲೆ ನೋಡ್ಕೊಳೋಣ. ಖಾತೆ ಆಗುತ್ತಾ, ಅದನ್ನ ಹೇಳು."

ಮುದ್ದೆ ನುಂಗಿದ ಅತಿಥಿ

ಮೂರರಲ್ಲಿ ಎರಡನೆಯ ಭಾನುವಾರ ದ್ರಾಕ್ಷಿ ತೋಟದವರ ಸರದಿ. ಅವರ ಕಥೆಗಳಲ್ಲಿ ಅನ್ಯಗ್ರಹದವರು ಎಲ್ಲಿಂದ ಬಂದರೂ ಇಳಿಯುವುದು ರಾಜಘಟ್ಟದ ಒಂದೇ ತೋಟದಲ್ಲಿ. ಯಾಕೆ ಎಂದು ಕೇಳಿದರೆ, "ನಂಗೆ ಗೊತ್ತಿರೋದು ಅದೊಂದೇ ಜಾಗ" ಎನ್ನುತ್ತಾರೆ. ಮೇಡಂ ಸೋತದ್ದನ್ನು ನೋಡಿದ್ದರಿಂದ ಈ ಸಲ ಅತ್ತೆ ಸೊಸೆಯರನ್ನು ಪೂರ್ತಿ ಬಿಟ್ಟಿದ್ದರು.

ಹಾರುವ ತಟ್ಟೆ ದ್ರಾಕ್ಷಿ ಚಪ್ಪರದ ಮೇಲೆ ಬಿತ್ತು.

"ಕಲ್ಲು ಕಂಬ ಎಷ್ಟು ಮುರೀತು?" ಎಂದರು ಅವ್ವ.

"ಎಂಟು."

"ಪಾಪ," ಎಂದು ಅವ್ವ ನಿಟ್ಟುಸಿರು ಬಿಟ್ಟರು. ನಮಗೆ ಗೆದ್ದಷ್ಟೇ ಸಂತೋಷವಾಯಿತು. ತಟ್ಟೆಯಿಂದ ಹಸಿರು ಮೈಯ, ಮೂರು ಕಣ್ಣಿನ ಅತಿಥಿ ಇಳಿದ. ಅವ್ವನಿಗೆ ಮೂರನೇ ಕಣ್ಣಿನ ಬಗ್ಗೆ ಏನೂ ಅನುಮಾನ ಬರಲಿಲ್ಲ.

"ಮನೆಗೆ ಕರೆದ್ರಾ?"

"ಕರೆದ್ವಿ ಅವ್ವ. ಊಟಕ್ಕೂ ಕೂರಿಸಿದ್ವಿ," ಎಂದರು ತೋಟದವರು. ಈ ಪ್ರಶ್ನೆ ಬರುತ್ತದೆಂದು ಅವರು ಮೊದಲೇ ಊಹಿಸಿ, ಒಂದು ಪುಟವಿಡೀ ಊಟವನ್ನೇ ಬರೆದಿದ್ದರು. ಮುದ್ದೆ, ಬಸ್ಸಾರು, ಉಪ್ಪಿನಕಾಯಿ.

"ಮುದ್ದೆ ತಿಂದ್ನಾ?"

"ತಿಂದ."

"ಅಗಿದ್ನಾ, ನುಂಗಿದ್ನಾ?"

ತೋಟದವರಿಗೆ ಒಂದು ಕ್ಷಣ ಅಭಿಮಾನ ಅಡ್ಡ ಬಂತು. ತಮ್ಮ ಅತಿಥಿಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ನುಂಗಿದ."

"ಮೊದಲ್ನೇ ಸಲಕ್ಕೇ?" ಅವ್ವ ಸೆರಗು ಸರಿಮಾಡಿಕೊಂಡು ಎದ್ದರು. "ನಮ್ಮ ದೊಡ್ಡಳಿಯ ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು, ಇನ್ನೂ ಅಗೀತಾನೆ. ಸುಳ್ಳು."

ಮುಂದೂಡಲಾಯಿತು

ಉಳಿದದ್ದು ಸರ್ವೆಯರು ಮತ್ತು ಒಂದು ಭಾನುವಾರ. ಅವತ್ತು ಸೈಟ್ ವ್ಯವಹಾರದವರೂ ಟೇಪು ಹಿಡಿದುಕೊಂಡು ಬಂದು ಮೂಲೆಯಲ್ಲಿ ನಿಂತಿದ್ದರು. ತೀರ್ಪು ಆದ ತಕ್ಷಣ ಅಳತೆ ಹಿಡಿಯುವ ಯೋಚನೆ. ಯಜಮಾನರು ಬಾಗಿಲಿಗೆ ಒರಗಿದ್ದರು. ಸರ್ವೆಯರ ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೂತಿದ್ದರು. ಅದು ಹಿಂದೆಂದೂ ಆಗಿರಲಿಲ್ಲ.

ಸರ್ವೆಯರು ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು. ಸುಳ್ಳು ಅನ್ನಿಸುವ ಒಂದು ಮಾತೂ ಇರಬಾರದೆಂದು ರಾತ್ರಿ ಹಗಲು ತಿದ್ದಿದ್ದರು. ತಿದ್ದಿ ತಿದ್ದಿ ರಾಜಕುಮಾರ ಹೋಗಿದ್ದ, ಯುದ್ಧ ಹೋಗಿತ್ತು, ರಾಕ್ಷಸರೂ ಖಾಲಿ ಮಾಡಿದ್ದರು. ರಾಜ್ಯದ ಚಕ್ಕುಬಂದಿ ಮಾತ್ರ ಉಳಿದಿತ್ತು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು. ಮುಕ್ಕಾಲು ಗಂಟೆ ಓದಿದರು. ಮೂಲೆಯಲ್ಲಿದ್ದವರು ಮಾತ್ರ ಫೋನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಅವ್ವ ಕೊನೆಯವರೆಗೂ ಕೇಳಿದರು. "ಇದ್ರಲ್ಲಿ ಸುಳ್ಳಿಲ್ಲ ಕಣಪ್ಪ," ಎಂದರು. ಸರ್ವೆಯರ ಮುಖ ಅರಳಿತು. "ಕತೆನೂ ಇಲ್ಲ."

ಸರ್ವೆಯರು ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು. ಗಂಟು ಬಿಗಿಯಾಗಿ ಹಾಕಿದರು, ಇನ್ನು ಬಿಚ್ಚುವುದಿಲ್ಲ ಎನ್ನುವ ಹಾಗೆ. ಮೂಲೆಯಲ್ಲಿ ಟೇಪು ಬಿಚ್ಚುವ ಸದ್ದು ಕೇಳಿಸಿತು.

ಅವ್ವ ನನ್ನ ಕಡೆ ತಿರುಗಿದರು. "ನೀನು ಯಾವಾಗ್ಲೂ ಏನೋ ಗೀಚ್ತಾ ಇರ್ತೀಯಲ್ಲ. ಅದನ್ನ ಓದು."

"ಇದು ಕಥೆ ಅಲ್ಲ ಅವ್ವ. ಸಭೆ ನಡಾವಳಿ."

"ಓದು."

ಒಂದು ಮಾತು ಮೊದಲೇ ಹೇಳಬೇಕು. ನಾಲ್ವರೂ ಸೇರಿ ಒಂದು ಕಥೆ ಬರೆಯೋಣವೆಂದು ಹೋದ ವರ್ಷ ಹೊರಟಿದ್ದೆವು. ಅದರ ಕೊನೆಯಲ್ಲಿ ಪ್ರಪಂಚ ನಾಶವಾಗಬೇಕು. ಹೇಗೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ನಾನು ಪುಸ್ತಕ ತೆರೆದು ಕೈಗೆ ಸಿಕ್ಕ ಪುಟ ಓದಿದೆ.

"ಸಭೆ ಹತ್ತೂಮುಕ್ಕಾಲಿಗೆ ಆರಂಭವಾಯಿತು. ಪ್ರಪಂಚವನ್ನು ನಾಶ ಮಾಡುವ ವಿಷಯ ಚರ್ಚೆಗೆ ಬಂತು. ಬೆಂಕಿಯಿಂದ ಮಾಡಬಹುದೆಂದು ಮೇಡಂ ಸೂಚಿಸಿದರು. ನೀರಿನಿಂದ ಆಗಲಿ ಎಂದು ಸರ್ವೆಯರು ತಿದ್ದುಪಡಿ ತಂದರು. ದ್ರಾಕ್ಷಿ ಕೊಯ್ಲು ಮುಗಿಯುವವರೆಗೆ ನೀರು ಬೇಡವೆಂದು ತೋಟದವರು ಆಕ್ಷೇಪಿಸಿದರು. ಒಮ್ಮತ ಮೂಡದ ಕಾರಣ ಪ್ರಪಂಚದ ನಾಶವನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು. ಬೋಂಡ ಬಂತು."

"ಮುಂದಿನ ತಿಂಗ್ಳದು?"

"ಪ್ರಪಂಚದ ನಾಶ. ಮೇಡಂ ಗೈರುಹಾಜರಿ, ತಂಗಿಯ ಮಗುವಿನ ನಾಮಕರಣ. ಅವರನ್ನು ಬಿಟ್ಟು ಪ್ರಪಂಚ ನಾಶ ಮಾಡಿದರೆ ಬೇಸರ ಮಾಡಿಕೊಂಡಾರು ಎಂದು ಉಳಿದವರು ಅಭಿಪ್ರಾಯಪಟ್ಟರು. ಮುಂದೂಡಲಾಯಿತು. ಬೋಂಡ ಸೀದಿತ್ತು."

"ಅದರ ಮುಂದಿಂದು?"

"ಪ್ರಪಂಚದ ನಾಶ. ಮಗ್ಗದ ಸದ್ದಿನಿಂದಾಗಿ ಯಾರು ಏನು ಹೇಳಿದರೆಂದು ಗೊತ್ತಾಗಲಿಲ್ಲ. ಮುಂದೂಡಲಾಯಿತು."

ಅವ್ವ ಮೊಣಕಾಲಿನ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದ್ದರು. ಪುಸ್ತಕ ಮುಚ್ಚಿದಾಗ ಹಿಂದಕ್ಕೆ ಒರಗಿದರು.

"ಇದು ನಿಜ," ಎಂದರು.

"ಏನವ್ವ, ಪ್ರಪಂಚ ಮುಳುಗ್ಸೋದು ನಿಜಾನಾ?" ಎಂದರು ಯಜಮಾನರು.

"ಅದಲ್ಲ ಕಣೋ. ನಾಕು ಜನ ಸೇರ್ತಾರೆ. ಒಬ್ರು ಹೇಳಿದ್ದು ಇನ್ನೊಬ್ರಿಗೆ ಆಗಲ್ಲ. ಏನೂ ತೀರ್ಮಾನ ಆಗಲ್ಲ. ಬೋಂಡ ತಿಂದು ಎದ್ದೋಗ್ತಾರೆ. ನಿಮ್ಮಪ್ಪ ನಲವತ್ತು ವರ್ಷ ಇಂಥ ಪಂಚಾಯ್ತಿಗೇ ಹೋಗಿ ಬಂದಿದ್ದು. ಇದ್ರಲ್ಲಿ ಒಂದಕ್ಷರ ಸುಳ್ಳಿಲ್ಲ."

ಮೂಲೆಯಲ್ಲಿದ್ದವರು ಗಂಟಲು ಸರಿಮಾಡಿಕೊಂಡರು. "ಅಮ್ಮ, ಹಂಗಾದ್ರೆ ರೂಮು?"

"ಇವ್ರು ಇಲ್ಲೇ ಇರ್ಲಪ್ಪ," ಎಂದರು ಅವ್ವ. "ಈ ಮಗ್ಗದ ಸದ್ದಲ್ಲಿ ಯಾವ್ದೂ ಇತ್ಯರ್ಥ ಆಗಲ್ಲ. ಬೇರೆ ಕಡೆ ಕಳ್ಸಿ, ಅಲ್ಲಿ ತೀರ್ಮಾನ ಮಾಡ್ಬಿಟ್ರೆ?"

ಆ ಮನುಷ್ಯ ಟೇಪು ಸುತ್ತಿಕೊಂಡು, ಹೋಗುವ ಮುಂಚೆ ಗೋಡೆಯ ನಕ್ಷೆಯ ಒಂದು ಫೋಟೊ ತೆಗೆದುಕೊಂಡರು. ಸರ್ವೆಯರ ಹೆಂಡತಿ ಹಸ್ತಪ್ರತಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ ಗಂಡನ ಕೈಗೆ ಕೊಟ್ಟು, "ಆ ಹುಡುಗೀನ ತವರಿಂದ ಕರೆಸ್ಕೊಳಿ, ಎಷ್ಟು ದಿನ ಅಂತ ಅಲ್ಲಿರ್ತಾಳೆ" ಎಂದರು. ಕೆಳಗೆ ಮಗ್ಗಗಳು ಶುರುವಾದವು. ಬೋಂಡದ ತಟ್ಟೆ ಮೇಜಿನ ಅಂಚಿಗೆ ಹೊರಟಿತು.

ಅವ್ವ ಎರಡು ಮೆಟ್ಟಿಲು ಇಳಿದವರು ನನ್ನ ಕಡೆ ತಿರುಗಿ ಕೂಗಿದರು. "ಈ ವರ್ಷ ಹಲಸು ಚೆನ್ನಾಗಿ ಬಿಟ್ಟೈತೆ. ಅದು ಮುಗಿಯೋಗಂಟ ಪ್ರಪಂಚ ಮುಟ್ಬೇಡಿ. ಬರ್ಕೋ."

ಬರೆದುಕೊಂಡೆ. ಹಲಸು ಮುಗಿದ ಮೇಲೆ ರಾಗಿ ಬಿತ್ತಿದೀವಿ ಎಂದರು. ರಾಗಿ ತೆನೆ ಕೊಯ್ದ ಮೇಲೆ ಅವರೆ ಹೂ ಬಂದಿದೆ ಎಂದರು. ಪ್ರತಿ ಸಲವೂ ಸರ್ವಾನುಮತದಿಂದ ಅಂಗೀಕರಿಸಿದ್ದೇವೆ. ನಡಾವಳಿಯ ಪ್ರಕಾರ ಪ್ರಪಂಚ ಸದ್ಯಕ್ಕೆ ಅವರೆಕಾಯಿ ಮುಗಿಯುವವರೆಗೆ ಇರುತ್ತದೆ.